ಕೆಮ್ಮಿದ್ರೆ ರಕ್ತ: ಒಂದು ಹಳೆ ಭಯದ ಇತಿಹಾಸ

ನಮ್ಮಲ್ಲಿ ಎಷ್ಟೋ ಜನರ ಅಪ್ಪ-ಅಮ್ಮ ರಿಟೈರ್ ಆದ್ಮೇಲೆ ಕಾಶಿಗೆ ಹೋಗಿ ಜಂಗಮವಾಡಿ ಮಠದಲ್ಲಿ ಇಳ್ಕೋತಾರೆ. ಕನ್ನಡದವರು ಸಿಗ್ತಾರೆ ಅಂತ ನಾವು ಪುಣೆಯಲ್ಲೋ ಡಲ್ಲಾಸ್‌ನಲ್ಲೋ ನಿಶ್ಚಿಂತೆಯಿಂದ ಇರ್ತೀವಿ. ಅಲ್ಲಿಂದ "ಕೆಮ್ಮಿದಾಗ ರಕ್ತ ಬಂತು ಕಣೋ" ಅಂತ ಫೋನ್ ಬಂದ್ರೆ? ತಲೆಗೆ ಹೊಳೆಯೋದು ಎರಡೇ: ಟಿಬಿ, ಇಲ್ಲಾಂದ್ರೆ ಕ್ಯಾನ್ಸರ್.

ಕಾಶಿಯಿಂದಲೇ ಶುರು ಮಾಡೋಣ. ಸುಶ್ರುತ ಸಂಹಿತೆಯಲ್ಲಿ ಪಾಠ ಹೇಳುವ ಗುರು ಕಾಶಿರಾಜ ದಿವೋದಾಸ ಧನ್ವಂತರಿ. ಹಳೆಯ ಆಯುರ್ವೇದ ಗ್ರಂಥಗಳಲ್ಲಿ ಮೈ ಸೊರಗಿಸುವ ರಾಜಯಕ್ಷ್ಮ ಬೇರೆ, ರಕ್ತಪಿತ್ತ ಬೇರೆ, ಎದೆಗೆ ಗಾಯವಾಗಿ ಬರುವ ಉರಃಕ್ಷತ ಬೇರೆ. ಅವರ ವಿವರಣೆ ಇವತ್ತಿನ ವೈದ್ಯಕ್ಕೆ ಹೊಂದಲ್ಲ. ಆದರೆ ಲಕ್ಷಣ ಒಂದಾದರೂ ಕಾರಣ ಹಲವು ಅನ್ನೋ ಎಚ್ಚರ ಅಲ್ಲಿತ್ತು.

ಆಮೇಲೆ ಕ್ಷಯದ ಭಯ ಎಲ್ಲವನ್ನೂ ನುಂಗಿತು. 1882ರಲ್ಲಿ ರಾಬರ್ಟ್ ಕಾಖ್ ರೋಗಾಣು ಕಂಡುಹಿಡಿದರೂ ದಶಕಗಳ ಕಾಲ ಔಷಧ ಇರಲಿಲ್ಲ. ಅರಮನೆಯನ್ನೂ ಅದು ಬಿಡಲಿಲ್ಲ. ನಾಲ್ವಡಿಯವರ ಸಹೋದರಿ ಕೃಷ್ಣಾಜಮ್ಮಣ್ಣಿ ಮತ್ತು ಅವರ ಹೆಣ್ಣುಮಕ್ಕಳು ಕ್ಷಯಕ್ಕೆ ಬಲಿಯಾದರು. ಮೈಸೂರಿನ ಪಿ.ಕೆ. ಸ್ಯಾನಟೋರಿಯಂ ಅವರ ನೆನಪಿನದು. 1959ರಲ್ಲಿ ಮದ್ರಾಸಿನ ಅಧ್ಯಯನವೊಂದು, ಮನೆಯಲ್ಲಿದ್ದು ಔಷಧ ತೆಗೆದುಕೊಂಡರೂ ಸ್ಯಾನಟೋರಿಯಂನಷ್ಟೇ ಗುಣ ಕಾಣುತ್ತೆ ಅಂತ ತೋರಿಸಿತು. ಅದೇ ವರ್ಷ ಬೆಂಗಳೂರಿನಲ್ಲಿ ರಾಷ್ಟ್ರೀಯ ಕ್ಷಯರೋಗ ಸಂಸ್ಥೆ ಹುಟ್ಟಿತು.

ನಮ್ಮ ಹಿರಿಯರು ಬೆಳೆದದ್ದು ಈ ಕಾಲದಲ್ಲಿ. ಆಗ ಚಿಕಿತ್ಸೆ ವರ್ಷಕ್ಕೂ ಮೀರಿ ನಡೀತಿತ್ತು. ಹೆಣ್ಣು ಕೊಡಲ್ಲ, ತರಲ್ಲ ಅನ್ನೋ ಭಯಕ್ಕೆ ಎಷ್ಟೋ ಮನೆಗಳಲ್ಲಿ ಕಾಯಿಲೆಯನ್ನೇ ಮುಚ್ಚಿಟ್ಟರು. ಮಕ್ಕಳಿಗೂ ಹೇಳಲಿಲ್ಲ.

ದೇಹ ಮಾತ್ರ ಮರೆಯಲ್ಲ. ಟಿಬಿ ವಾಸಿಯಾದರೂ ಶ್ವಾಸಕೋಶದಲ್ಲಿ ಟೊಳ್ಳು ಉಳಿಯಬಹುದು, ಅದರೊಳಗೆ ಆಸ್ಪರ್ಜಿಲಸ್ ಅನ್ನೋ ಶಿಲೀಂಧ್ರ ಉಂಡೆ ಕಟ್ಟಬಹುದು. ಶ್ವಾಸನಾಳಗಳು ಹಿಗ್ಗಿ ಹಾಗೇ ಉಳಿದು ಬ್ರಾಂಕಿಯೆಕ್ಟಾಸಿಸ್ ಆಗಬಹುದು. ನಲವತ್ತು ವರ್ಷದ ಮೇಲೆ ರಕ್ತ ಬಂದರೆ ಟಿಬಿ ಮರಳಿರಬಹುದು, ಅಥವಾ ಬರೀ ಆ ಹಳೇ ಕಲೆ ಇರಬಹುದು. ಬ್ರಾಂಕೈಟಿಸ್, ನ್ಯುಮೋನಿಯಾ, ಹೃದಯದ ಕವಾಟದ ತೊಂದರೆ, ಶ್ವಾಸಕೋಶಕ್ಕೆ ಹೋಗಿ ಸಿಕ್ಕಿಕೊಂಡ ರಕ್ತದ ಹೆಪ್ಪು, ಇವೂ ಕಾರಣಗಳೇ. ರಕ್ತ ತೆಳು ಮಾಡುವ ಮಾತ್ರೆ ಇದ್ದರೆ ಸಣ್ಣ ಗಾಯವೂ ಜಾಸ್ತಿ ಸೋರುತ್ತೆ. ಕ್ಯಾನ್ಸರ್ ಪಟ್ಟಿಯಲ್ಲಿದೆ, ಅದರಲ್ಲೂ ಬೀಡಿ-ಸಿಗರೇಟು ಸೇದಿದವರಲ್ಲಿ. ಹಾಗಂತ ಅದೊಂದೇ ಅಲ್ಲ.

ಸ್ವಲ್ಪವೇ ಬಂದರೂ "ಉಷ್ಣ ಆಗಿದೆ" ಅಂತ ಬಿಡಬೇಡಿ. ಎಕ್ಸ್‌ರೇ, ಕಫದ ಪರೀಕ್ಷೆ, ಬೇಕಾದರೆ ಸಿಟಿ ಸ್ಕ್ಯಾನ್ ಆಗಲಿ. ಕೆಲವು ಚಮಚಕ್ಕಿಂತ ಹೆಚ್ಚು ಬಂದರೆ, ಉಸಿರು ಕಟ್ಟಿದರೆ, ಎದೆ ನೋವಿದ್ದರೆ ಕಾಯಬಾರದು, 108ಕ್ಕೆ ಕರೆ ಮಾಡಿ. ಜಂಗಮವಾಡಿಯಿಂದ ಬನಾರಸ್ ಹಿಂದೂ ವಿಶ್ವವಿದ್ಯಾಲಯದ ಸರ್ ಸುಂದರಲಾಲ್ ಆಸ್ಪತ್ರೆ ಕೆಲವೇ ಕಿಲೋಮೀಟರ್. ತುಂಬಾ ರಕ್ತ ಸೋರುತ್ತಿದ್ದರೂ ಇವತ್ತು ಕೊಳವೆ ತೂರಿಸಿ ಆ ರಕ್ತನಾಳವನ್ನೇ ಮುಚ್ಚುವ ಚಿಕಿತ್ಸೆ ಇದೆ; ಫ್ರಾನ್ಸಿನಲ್ಲಿ 1970ರ ದಶಕದಲ್ಲಿ ಬಂದದ್ದು.

ಡಾಕ್ಟರ್ ಮೊದಲು ಕೇಳೋ ಪ್ರಶ್ನೆ: "ಹಿಂದೆ ಟಿಬಿ ಆಗಿತ್ತಾ?" ಫೋನಿನಲ್ಲಿರೋ ನಮ್ಮ ಹತ್ರ ಉತ್ತರ ಇರಲ್ಲ. ಈ ಭಾನುವಾರ ವಿಡಿಯೋ ಕಾಲ್‌ನಲ್ಲಿ ಅಪ್ಪ-ಅಮ್ಮನ ಹತ್ರ ಮೆಲ್ಲಗೆ ಕೇಳಿ, ಮಾತ್ರೆಗಳ ಹೆಸರಿನ ಜೊತೆ ಬರೆದಿಟ್ಕೊಳ್ಳಿ. ಕಾಶಿಯ ಟಿಕೆಟ್ ಬುಕ್ ಮಾಡೋದು ಆಮೇಲೆ. ಮುಂದಿನ ಮಾತಿನಲ್ಲಿ ಸಿಗೋಣ.