ಗ್ಯಾಲ್ವೆಸ್ಟನ್ ನಗರದ ಜಲಪ್ರಳಯವೂ ಪುನರುದ್ಧಾರವೂ

ಸಮುದ್ರದ ಮೇಲಿಂದ ಏಳುವ ಮಹಾವಾತಗಳಿಗೆ ಒಂದೊಂದು ದೇಶದವರು ಒಂದೊಂದು ಹೆಸರನ್ನಿಟ್ಟಿರುವರು. ಅಮರಕೋಶಕಾರನು ಬರಿಯ ಮಹಾವಾತವನ್ನು ಪ್ರಕಂಪನವೆಂದೂ, ಮಳೆಯೊಡನೆ ಕೂಡಿದುದನ್ನು ಝಂಝಾವಾತವೆಂದೂ ವಿಂಗಡಿಸಿ ಹೇಳುತ್ತಾನೆ. ವೆಸ್ಟ್ ಇಂಡೀಸ್ ದ್ವೀಪಗಳ ಮೂಲನಿವಾಸಿಗಳಾದ ತೈನೋ ಜನರ ಶಬ್ದವೊಂದು ಸ್ಪೇನಿನವರ ಬಾಯಲ್ಲಿ ‘ಹುರಕಾನ್’ ಎಂದಾಗಿ, ಅಲ್ಲಿಂದ ಇಂಗ್ಲಿಷಿಗೆ ‘ಹರಿಕೇನ್’ ಎಂದು ಬಂದಿತು. ಬಂಗಾಳ ಕೊಲ್ಲಿಯ ಬಿರುಗಾಳಿಗೆ ‘ಸೈಕ್ಲೋನ್’ ಎಂಬ ಹೆಸರನ್ನು ಗ್ರೀಕ್ ಶಬ್ದದಿಂದ ಕಲ್ಪಿಸಿಕೊಟ್ಟವನು ಕಲ್ಕತ್ತೆಯಲ್ಲಿದ್ದ ಹೆನ್ರಿ ಪಿಡ್ಡಿಂಗ್‌ಟನ್. ಹೆಸರುಗಳು ಬೇರೆಯಾದರೂ ವಸ್ತುವು ಒಂದೇ. ಬೆಚ್ಚಗಾದ ಕಡಲ ನೀರಿನ ಆವಿಯಿಂದ ಬಲಗೊಂಡ ಗಾಳಿಯು ಒಂದು ಕೇಂದ್ರದ ಸುತ್ತ ಸುಳಿಯುತ್ತ ದಡಕ್ಕೆ ಬರುವಾಗ ಸಮುದ್ರವನ್ನೇ ತನ್ನ ಮುಂದೆ ನೂಕಿಕೊಂಡು ಬರುತ್ತದೆ. ಇಂತಹ ಉತ್ಪಾತಗಳಲ್ಲಿ ಗಾಳಿಯಿಂದ ಸತ್ತವರಿಗಿಂತ ನೀರಿನಿಂದ ಸತ್ತವರೇ ಬಹುಮಂದಿ. ಇದಕ್ಕೆ 1900ನೆಯ ಇಸವಿಯಲ್ಲಿ ಅಮೆರಿಕಾ ಸಂಯುಕ್ತ ಸಂಸ್ಥಾನದ ಗ್ಯಾಲ್ವೆಸ್ಟನ್ ನಗರದಲ್ಲಿ ನಡೆದುದು ಪ್ರಬಲವಾದ ನಿದರ್ಶನ.

ಗ್ಯಾಲ್ವೆಸ್ಟನ್ ಎಂಬುದು ಟೆಕ್ಸಾಸ್ ಪ್ರಾಂತದ ತೀರಕ್ಕೆ ಅಡ್ಡಲಾಗಿ ಮಲಗಿರುವ ಉದ್ದವಾದ ಮರಳುದ್ವೀಪ. ಒಂದು ಕಡೆ ಮೆಕ್ಸಿಕೋ ಖಾರಿಯ ತೆರೆಗಳು, ಇನ್ನೊಂದು ಕಡೆ ದ್ವೀಪಕ್ಕೂ ನೆಲನಾಡಿಗೂ ನಡುವಣ ಒಳಗೊಲ್ಲಿ. 1900ರ ಜನಗಣತಿಯಂತೆ ನಗರದಲ್ಲಿ 37,789 ಮಂದಿ ಇದ್ದರು. ಹತ್ತಿಯ ರಫ್ತಿನಿಂದ ಐಶ್ವರ್ಯವು ಬೆಳೆದು, ವರ್ತಕರ ಸೌಧಗಳು ಸಾಲಾಗಿ ಎದ್ದಿದ್ದುವು. ಆದರೆ ಈ ಸೌಧಗಳು ನಿಂತಿದ್ದ ನೆಲವು ಊರಿನ ಅತ್ಯುನ್ನತವಾದ ಸ್ಥಳದಲ್ಲಿಯೂ ಸಮುದ್ರಮಟ್ಟಕ್ಕಿಂತ ಒಂಬತ್ತು ಅಡಿಯಷ್ಟೂ ಎತ್ತರವಿರಲಿಲ್ಲ.

ಅಪಾಯದ ಸೂಚನೆಯು ಮೊದಲೇ ಬಂದಿರಲಿಲ್ಲವೆಂದು ಹೇಳುವಂತಿಲ್ಲ. ಅದೇ ತೀರದಲ್ಲಿ ನೈರುತ್ಯಕ್ಕೆ ಇಂಡಿಯಾನೋಲಾ ಎಂಬ ರೇವುಪಟ್ಟಣವಿದ್ದಿತು. 1875ರಲ್ಲಿ ಒಂದು ಚಂಡಮಾರುತವು ಅದನ್ನು ಹಾಳುಗೆಡವಿತು. ಉಳಿದವರು ಮತ್ತೆ ಮನೆ ಕಟ್ಟಿಕೊಂಡರು. 1886ರಲ್ಲಿ ಇನ್ನೊಂದು ಬಂದು ಮಿಕ್ಕುದನ್ನೂ ತೀರಿಸಿತು. ಆ ಬಳಿಕ ಜನರು ಊರನ್ನೇ ತೊರೆದರು. ಇದನ್ನು ಕಂಡ ಗ್ಯಾಲ್ವೆಸ್ಟನ್ನಿನ ಕೆಲವು ಪ್ರಮುಖರು ತಮ್ಮ ಊರಿಗೆ ಸಮುದ್ರದ ಕಡೆ ಒಡ್ಡನ್ನು ಕಟ್ಟಬೇಕೆಂದು ಆಲೋಚಿಸಿದರು. ಅದು ಮಾತಿನಲ್ಲಿಯೇ ನಿಂತಿತು.

ನಿಲ್ಲುವುದಕ್ಕೆ ಒಂದು ಪಾಂಡಿತ್ಯದ ಆಧಾರವೂ ದೊರೆಯಿತು. ನಗರದ ಹವಾಮಾನ ಕಚೇರಿಯ ಮುಖ್ಯನಾಗಿದ್ದ ಐಸಾಕ್ ಕ್ಲೈನ್ ಎಂಬಾತನು 1891ರಲ್ಲಿ ಸ್ಥಳೀಯ ಪತ್ರಿಕೆಯಲ್ಲಿ ಒಂದು ಲೇಖನವನ್ನು ಬರೆದನು. ವಾಯುಮಂಡಲದ ಸಾಮಾನ್ಯ ನಿಯಮಗಳ ಪ್ರಕಾರ ವೆಸ್ಟ್ ಇಂಡೀಸಿನ ಬಿರುಗಾಳಿಗಳು ಟೆಕ್ಸಾಸಿನ ತೀರಕ್ಕೆ ಬರತಕ್ಕವಲ್ಲ; ಬಂದ ಎರಡು ಆಕಸ್ಮಿಕಗಳು; ನೀರು ಏರಿದರೂ ಉತ್ತರದ ತಗ್ಗುನೆಲಗಳ ಮೇಲೆ ಹರಡಿಹೋಗುವುದಲ್ಲದೆ ನಗರವನ್ನು ಕೆಡಿಸಲಾರದು; ಆದುದರಿಂದ ಇಂತಹ ಭಯವು ಬರಿಯ ಭ್ರಾಂತಿ ಎಂಬುದು ಆ ಲೇಖನದ ತಾತ್ಪರ್ಯ. ನೈಯಾಯಿಕರ ಪರಿಭಾಷೆಯಲ್ಲಿ ಹೇಳುವುದಾದರೆ, ವ್ಯಾಪ್ತಿಯನ್ನು ಮೊದಲು ನಿಶ್ಚಯಿಸಿಕೊಂಡು, ಅದಕ್ಕೆ ವ್ಯಭಿಚಾರವು ಪ್ರತ್ಯಕ್ಷವಾಗಿ ಎರಡು ಬಾರಿ ಕಂಡಾಗ ಆ ಪ್ರತ್ಯಕ್ಷವನ್ನೇ ಆಕಸ್ಮಿಕವೆಂದು ತಳ್ಳಿಹಾಕಿದಂತಾಯಿತು. ಜನರಿಗಾದರೋ ಆಪ್ತವಾಕ್ಯವಿದ್ದರೆ ಸಾಕು; ಅದು ಖರ್ಚಿಲ್ಲದ ಆಪ್ತವಾಕ್ಯವಾದರೆ ಕೇಳಬೇಕಾದುದೇ ಇಲ್ಲ.

1900ರ ಆಗಸ್ಟ್ ಕೊನೆಯಲ್ಲಿ ಹೊರಟ ಗಾಳಿಯು ಸೆಪ್ಟೆಂಬರ್ ಮೊದಲಲ್ಲಿ ಕ್ಯೂಬಾ ದ್ವೀಪವನ್ನು ದಾಟಿತು. ಹವಾನಾ ನಗರದ ಬೆಲೆನ್ ವಿದ್ಯಾಲಯದಲ್ಲಿ ಜೆಸುಯಿಟ್ ಪಾದ್ರಿಗಳು ನಡೆಯಿಸುತ್ತಿದ್ದ ವೀಕ್ಷಣಾಲಯವು ಚಂಡಮಾರುತಗಳ ಶಾಸ್ತ್ರದಲ್ಲಿ ಬಹುಕಾಲದ ಪರಿಶ್ರಮವುಳ್ಳದ್ದು. ಈ ಗಾಳಿಯು ಬಲಿತು ಖಾರಿಯೊಳಗೆ ಪಶ್ಚಿಮಕ್ಕೆ ಸಾಗುವುದೆಂದು ಅಲ್ಲಿನ ಗಾಂಗೊಯಿಟೆ ಪಾದ್ರಿಯು ತಿಳಿದನು. ವಾಷಿಂಗ್‌ಟನ್ನಿನ ಹವಾಮಾನ ಇಲಾಖೆಯವರು ಅದು ಬಳಸಿಕೊಂಡು ಫ್ಲಾರಿಡಾದ ಕಡೆಗೆ ತಿರುಗುವುದೆಂದರು. ಕ್ಯೂಬಾದವರ ಹವಾಮಾನದ ತಂತಿವಾರ್ತೆಗಳನ್ನು ಅಮೆರಿಕಾದ ಅಧಿಕಾರಿಗಳು ಸ್ವಲ್ಪ ದಿನಗಳ ಹಿಂದೆಯೇ ತಡೆದಿದ್ದರೆಂಬುದನ್ನು ಇಲ್ಲಿ ನೆನೆಯಬೇಕು. ದ್ವೀಪವು ಆಗ ಅಮೆರಿಕಾದ ಸೇನೆಯ ವಶದಲ್ಲಿದ್ದುದರಿಂದ ಗೆದ್ದವರಿಗೆ ಸೋತ ದೇಶದ ವಿದ್ವಾಂಸರ ಮಾತು ಹಿತವಾಗಿ ತೋರಲಿಲ್ಲವೆಂದು ಊಹಿಸಬಹುದು.

ಸೆಪ್ಟೆಂಬರ್ 8 ಶನಿವಾರ. ಗಾಳಿಯು ಉತ್ತರದಿಂದ ಬೀಸುತ್ತಿದ್ದರೂ, ಅದಕ್ಕೆ ಎದುರಾಗಿ ಸಮುದ್ರದ ನೀರು ಬೆಳಗಿನಿಂದಲೇ ದಕ್ಷಿಣದ ಬೀದಿಗಳನ್ನು ಹೊಕ್ಕಿತು. ಇದು ವಿಪರೀತ ಲಕ್ಷಣವೆಂದು ಕ್ಲೈನನಿಗೆ ತೋರಿತು. ಊರಿನವರಾದರೋ ಕಡಲಂಚಿಗೆ ಹೋಗಿ ತೆರೆಗಳ ಆಟವನ್ನು ನೋಡುತ್ತಿದ್ದರು. ಮಕ್ಕಳು ಬೀದಿಯ ನೀರಿನಲ್ಲಿ ಆಡುತ್ತಿದ್ದರು. ಮಧ್ಯಾಹ್ನಾನಂತರ ಸೇತುವೆಗಳು ಒಂದೊಂದಾಗಿ ಮುರಿದು ನೆಲನಾಡಿಗೆ ಹೋಗುವ ದಾರಿ ಕಡಿಯಿತು. ಸಾಯಂಕಾಲ ಗಂಟೆಗೆ ನೂರು ಮೈಲಿಯ ವೇಗವನ್ನು ತೋರಿಸಿದ ಗಾಳಿಯ ಮಾಪಕವು ತಾನೇ ಹಾರಿಹೋಯಿತು. ರಾತ್ರಿ ಏಳೂವರೆಯ ಸುಮಾರಿಗೆ ನಾಲ್ಕೇ ಸೆಕೆಂಡುಗಳಲ್ಲಿ ನೀರು ನಾಲ್ಕು ಅಡಿ ಏರಿತೆಂದು ಕ್ಲೈನನು ತನ್ನ ವರದಿಯಲ್ಲಿ ಹೇಳಿದ್ದಾನೆ. ಒಟ್ಟು ಏರಿಕೆ 15 ಅಡಿಗೆ ಮೀರಿತು. ದ್ವೀಪದಲ್ಲಿ ನೀರಿಲ್ಲದ ನೆಲವೇ ಉಳಿಯಲಿಲ್ಲ.

ಕ್ಲೈನನ ಮನೆಯು ಗಟ್ಟಿಯಾದುದೆಂದು ನಂಬಿ ಸುಮಾರು 50 ಮಂದಿ ಅಲ್ಲಿ ಆಶ್ರಯವನ್ನು ಪಡೆದಿದ್ದರು. ಕಿತ್ತುಬಂದ ಟ್ರಾಮು ಹಳಿಗಳ ಮರದ ಕಟ್ಟಣೆಯೊಂದು ತೆರೆಗಳೊಡನೆ ಬಂದು ಹಾಯ್ದಾಗ ಆ ಮನೆಯು ಮಗುಚಿತು. ಉಳಿದವರು 18 ಮಂದಿ. ಕ್ಲೈನನೂ ಅವನ ತಮ್ಮನೂ ಮೂವರು ಹೆಣ್ಣುಮಕ್ಕಳೂ ಬದುಕಿದರು. ಅವನ ಹೆಂಡತಿಯು ತೀರಿಹೋದಳು. ಆಕೆಯ ದೇಹವು ಆ ತಿಂಗಳ ಕೊನೆಯಲ್ಲಿ ಅವಶೇಷಗಳಡಿಯಲ್ಲಿ ಸಿಕ್ಕಿತು. ಗುರುತು ಹಿಡಿಯಲು ಸಹಾಯವಾದುದು ಉಂಗುರವೊಂದೇ. ಕಡಲದಂಡೆಯಲ್ಲಿದ್ದ ಸೇಂಟ್ ಮೇರಿ ಅನಾಥಾಲಯದಲ್ಲಿ ಹತ್ತು ಮಂದಿ ಸನ್ಯಾಸಿನಿಯರೂ 93 ಮಕ್ಕಳೂ ಇದ್ದರು. ಮಕ್ಕಳು ಚದರಿಹೋಗದಂತೆ ಸನ್ಯಾಸಿನಿಯರು ಬಟ್ಟೆ ಹರವುವ ಹಗ್ಗದಿಂದ ಅವರನ್ನು ತಮ್ಮ ನಡುವಿಗೆ ಕಟ್ಟಿಕೊಂಡರು. ಮೂವರು ಹುಡುಗರು ತೇಲುತ್ತಿದ್ದ ಮರವೊಂದನ್ನು ಹಿಡಿದು ಬದುಕಿದರು. ಉಳಿದವರೆಲ್ಲರೂ ಮಡಿದರು, ಶವಗಳು ಸಿಕ್ಕಿದಾಗಲೂ ಕೆಲವರ ಹಗ್ಗವು ಬಿಚ್ಚಿರಲಿಲ್ಲ.

ಇಲ್ಲಿ ಒಂದು ವಿಚಿತ್ರವನ್ನು ಗಮನಿಸಬೇಕು. ಮುರಿದ ಮನೆಗಳ ಮರಮುಟ್ಟುಗಳನ್ನು ತೆರೆಗಳು ತಳ್ಳಿಕೊಂಡು ಬಂದು ಊರಿನ ನಡುವೆ ಮೈಲಿಗಟ್ಟಲೆ ಉದ್ದದ ಒಂದು ದಿಬ್ಬವನ್ನಾಗಿ ಒಟ್ಟಿದುವು. ಅದರಾಚೆಗೆ ತೆರೆಯ ಪೆಟ್ಟು ತಾಗಲಿಲ್ಲ. 3,600ಕ್ಕೂ ಹೆಚ್ಚು ಮನೆಗಳು ನಾಶವಾಗಿ, ಹಿಂದಿದ್ದ ಮನೆಗಳಿಗೆ ಒಡ್ಡಾದುವು. ಮೊದಲೇ ಕಟ್ಟದಿದ್ದ ಗೋಡೆಯನ್ನು ಆ ರಾತ್ರಿ ಸಮುದ್ರವೇ ಜನರ ಮನೆಗಳಿಂದ ಕಟ್ಟಿತು.

ಸತ್ತವರ ಸಂಖ್ಯೆ ಇಂದಿಗೂ ನಿಶ್ಚಯವಾಗಿಲ್ಲ. ದೋಣಿಯಲ್ಲಿ ನೆಲನಾಡಿಗೆ ಹೋದ ಮೊದಲಿನ ದೂತರು 500 ಮಂದಿ ಸತ್ತಿರಬಹುದೆಂದರು. ಅದನ್ನೇ ಅತಿಶಯೋಕ್ತಿಯೆಂದು ಬಗೆದವರುಂಟು. ಈಗ ದ್ವೀಪದಲ್ಲಿ ಕಡಮೆಯೆಂದರೆ 6,000 ಮಂದಿಯೆಂದೂ, ಸುತ್ತಣ ತೀರವನ್ನೂ ಸೇರಿಸಿದರೆ 8,000ದಿಂದ 12,000ದವರೆಗೆಂದೂ ಹೇಳುವರು. ಅನಿಶ್ಚಯಕ್ಕೆ ಕಾರಣವು ಶವಸಂಸ್ಕಾರದ ಕ್ರಮದಲ್ಲಿಯೇ ಇದೆ. ಮರಳಿನಲ್ಲಿ ನೀರು ನಿಂತಿದ್ದುದರಿಂದ ಹೂಳುವಂತಿರಲಿಲ್ಲ. ಸುಮಾರು 700 ಶವಗಳನ್ನು ದೊಡ್ಡ ದೋಣಿಯಲ್ಲಿ ಹೇರಿ, ಭಾರ ಕಟ್ಟಿ, ಸಮುದ್ರದಲ್ಲಿ ಬಿಟ್ಟರು. ಅವುಗಳಲ್ಲಿ ಅನೇಕವು ಮತ್ತೆ ದಡಕ್ಕೆ ಬಂದುವು. ಆಮೇಲೆ ಸಿಕ್ಕಿದಲ್ಲಿಯೇ ಚಿತೆಯೊಟ್ಟಿ ಸುಟ್ಟರು. ಹೂಳುವುದೇ ಧರ್ಮವಾದ ಆ ಜನರಿಗೆ ಇದು ಎಷ್ಟು ದುಸ್ಸಹವಾಗಿದ್ದಿರಬೇಕೆಂಬುದನ್ನು ಊಹಿಸಬೇಕು. ಹೆಸರುಗಳನ್ನು ಬರೆದಿಡಲು ಅವಕಾಶವಾಗಲಿಲ್ಲ. ವಾರಗಟ್ಟಲೆ ಊರಿನ ಮೇಲೆ ಆ ಹೊಗೆಯು ಕವಿದಿದ್ದಿತು.

ಹೆಣಗಳನ್ನು ಹೇರುವ ಕೆಲಸಕ್ಕೆ ಕರಿಯ ಜನರನ್ನು ಬಂದೂಕು ತೋರಿಸಿ ಹಿಡಿತಂದುದು ಉಂಟು. ಅದೇ ಜನರ ಮೇಲೆಯೇ ಶವಗಳ ಬೆರಳನ್ನು ಕತ್ತರಿಸಿ ಉಂಗುರಗಳನ್ನು ದೋಚಿದರೆಂಬ ಅಪವಾದವು ದೂರದ ಊರುಗಳ ಪತ್ರಿಕೆಗಳಲ್ಲಿ ಚಿತ್ರವಿಚಿತ್ರವಾಗಿ ಹಬ್ಬಿತು. ಈ ಕಥೆಗಳು ಬಹುಮಟ್ಟಿಗೆ ಉತ್ಪ್ರೇಕ್ಷೆಯೆಂಬುದೇ ಈಚಿನ ಚರಿತ್ರಕಾರರ ಮತ. ಹಾಗೆಯೇ ಕ್ಲೈನನು 1945ರಲ್ಲಿ ಪ್ರಕಟಿಸಿದ ಆತ್ಮಕಥೆಯಲ್ಲಿ, ತಾನು ಅಂದು ಬೆಳಗ್ಗೆ ಕುದುರೆಗಾಡಿಯಲ್ಲಿ ದಂಡೆಯುದ್ದಕ್ಕೂ ಹೋಗಿ ಸಾವಿರಾರು ಜನರನ್ನು ಎಚ್ಚರಿಸಿ ಉಳಿಸಿದುದಾಗಿ ಹೇಳಿಕೊಂಡಿದ್ದಾನೆ. ಬದುಕಿದವರ ಪತ್ರಗಳಲ್ಲಿ ಇದಕ್ಕೆ ಸಂವಾದವು ಕಾಣದೆಂದು 1999ರಲ್ಲಿ ಎರಿಕ್ ಲಾರ್ಸನ್ ಎಂಬ ಲೇಖಕನು ಸಂದೇಹವನ್ನು ತೆಗೆದನು. ಹೆಂಡತಿಯನ್ನು ಕಳೆದುಕೊಂಡವನ ಮಾತನ್ನು ಸುಳ್ಳೆನ್ನಲು ಮನಸ್ಸು ಹಿಂಜರಿಯುತ್ತದೆ. ಆದರೂ 45 ವರ್ಷಗಳ ಮೇಲೆ ಬರೆದ ಆತ್ಮಕಥೆಯನ್ನು, ಅದೂ 1891ರ ಲೇಖನದ ಕರ್ತನು ಬರೆದುದನ್ನು, ಒಂದೇ ಸಾಕ್ಷಿಯೆಂದು ಹಿಡಿಯಲಾಗದು.

ಇನ್ನು ಪುನರುದ್ಧಾರದ ವಿಚಾರ. ಮರುದಿನ ಭಾನುವಾರವೇ ಊರಿನವರು ಒಂದು ಪರಿಹಾರ ಸಮಿತಿಯನ್ನು ಏರ್ಪಡಿಸಿಕೊಂಡರು. ಒಂದು ವಾರ ಕಳೆದಮೇಲೆ ರೆಡ್ ಕ್ರಾಸ್ ಸಂಸ್ಥೆಯ ಕ್ಲಾರಾ ಬಾರ್ಟನ್, ತನ್ನ 78ನೆಯ ವಯಸ್ಸಿನಲ್ಲಿ, ಅಲ್ಲಿಗೆ ಬಂದಿಳಿದಳು. ನಗರಸಭೆಯ ಬದಲು ಐವರು ಕಮಿಷನರುಗಳ ಆಡಳಿತವು 1901ರಲ್ಲಿ ಬಂದಿತು. ದಕ್ಷತೆಗಾಗಿ ಇದು ಹೊಗಳಿಸಿಕೊಂಡು ಬೇರೆ ಊರುಗಳಿಗೂ ಹಬ್ಬಿತು. ಬಡವರ ಮತ್ತು ಕರಿಯರ ಧ್ವನಿಯು ಇದರಿಂದ ಕುಗ್ಗಿತೆಂಬ ಆಕ್ಷೇಪಣೆಯೂ ನಿರಾಧಾರವಾದುದಲ್ಲ.

ಮೂವರು ಎಂಜಿನಿಯರುಗಳ ಮಂಡಲಿಯು 1902ರ ಜನವರಿಯಲ್ಲಿ ತನ್ನ ಅಭಿಪ್ರಾಯವನ್ನು ಕೊಟ್ಟಿತು. ಅದರ ಮುಖ್ಯನು ಹೆನ್ರಿ ರಾಬರ್ಟ್. ಸಭೆಗಳನ್ನು ನಡೆಯಿಸುವ ನಿಯಮಗಳ ಪ್ರಸಿದ್ಧ ಗ್ರಂಥವನ್ನು ಬರೆದವನೂ ಈತನೇ. ಮಂಡಲಿಯು ಹೇಳಿದುದು ಎರಡು: ಇಳಿತದ ಮಟ್ಟಕ್ಕಿಂತ 17 ಅಡಿ ಎತ್ತರದ ಕಾಂಕ್ರೀಟಿನ ಗೋಡೆ, ಮತ್ತು ಊರಿನ ನೆಲವನ್ನೇ ಮೇಲೆತ್ತುವುದು. ಮೂರು ಮೈಲಿಗೂ ಮೀರಿದ ಗೋಡೆಯ ಕೆಲಸವು ಅದೇ ವರ್ಷ ಅಕ್ಟೋಬರಿನಲ್ಲಿ ಮೊದಲಾಗಿ 1904ರ ಜುಲೈನಲ್ಲಿ ಮುಗಿಯಿತು.

ಎರಡನೆಯದು ಇದಕ್ಕಿಂತ ಅದ್ಭುತವಾದುದು. 1903ರಿಂದ ಏಳೆಂಟು ವರ್ಷಗಳ ಕಾಲ ಸುಮಾರು 500 ಚೌಕಗಳಷ್ಟು ಊರನ್ನು, 2,000ಕ್ಕೂ ಮೇಲ್ಪಟ್ಟ ಕಟ್ಟಡಗಳನ್ನು, ಹಾಗೆಯೇ ಮೇಲಕ್ಕೆತ್ತಿದರು. ಕಟ್ಟಡದ ಅಡಿಯಲ್ಲಿ ತಿರುಪಿನ ಜ್ಯಾಕುಗಳನ್ನಿಟ್ಟು, ಆಳುಗಳೆಲ್ಲರೂ ಒಂದೇ ಸನ್ನೆಗೆ ಒಂದಿಷ್ಟು ತಿರುಗಿಸುತ್ತ ಬರುವುದು; ಬೇಕಾದಷ್ಟು ಎತ್ತರವಾದಮೇಲೆ ಊರಿನ ನಡುವೆ ತೋಡಿದ ಕಾಲುವೆಯಿಂದ ಹಡಗುಗಳು ಮರಳು ಬೆರೆತ ನೀರನ್ನು ಕೊಳವೆಗಳ ಮೂಲಕ ಕೆಳಗೆ ಸುರಿಯುವುದು; ನೀರು ಬಸಿದು ಮರಳು ನಿಲ್ಲುವುದು. ಸುಮಾರು 3,000 ಟನ್ ತೂಗುವ ಸೇಂಟ್ ಪ್ಯಾಟ್ರಿಕ್ ಚರ್ಚನ್ನು 700 ಜ್ಯಾಕುಗಳಿಂದ ಐದು ಅಡಿ ಎತ್ತಿದರು. ಮರಳು ತುಂಬುವ ಕಾಲದಲ್ಲಿ ಬೀದಿಗಳಿರಲಿಲ್ಲ. ಜನರು ಮನೆಯಿಂದ ಮನೆಗೆ ಹಲಗೆಯ ಕಾಲುದಾರಿಗಳ ಮೇಲೆ ನಡೆದಾಡಿದರು. ಕೆಳಗೆ ಕೊಳೆತ ಕೆಸರಿನ ವಾಸನೆ. ತುಂಬುವ ವೆಚ್ಚವು ಸಾರ್ವಜನಿಕ ಸಾಲದಿಂದ ಬಂದಿತು. ಮನೆಯನ್ನು ಎತ್ತಿಸುವ ವೆಚ್ಚವು ಮಾತ್ರ ಮನೆಯ ಯಜಮಾನನದೇ. ಉಳ್ಳವರು ಎತ್ತಿಸಿದರು, ಕೈಲಾಗದ ಕೆಲವರು ಕೆಳಗಣ ಅಂತಸ್ತನ್ನೇ ಮರಳಿಗೆ ಬಿಟ್ಟುಕೊಟ್ಟರು. ಗೋಡೆಯ ಉದ್ದಗಲಗಳನ್ನು ವರ್ಣಿಸುವ ಗ್ರಂಥಗಳು ಈ ವಿಷಯವನ್ನು ಎರಡು ಸಾಲಿನಲ್ಲಿ ಮುಗಿಸುವುದು ನ್ಯಾಯವಲ್ಲ. ಊರು ಉಳಿದುದು ಗೋಡೆಯಿಂದ ಮಾತ್ರವಲ್ಲ, ಅಷ್ಟು ವರ್ಷ ಹಲಗೆಯ ಮೇಲೆ ಸಂಸಾರ ನಡೆಯಿಸಿದವರಿಂದಲೂ ಅಹುದು.

1915ರ ಆಗಸ್ಟಿನಲ್ಲಿ ಮೊದಲಿನಷ್ಟೇ ಪ್ರಬಲವಾದ ಗಾಳಿಯು ಬಂದಿತು. ಗೋಡೆಯ ಹೊರಗಣ ಪ್ರದೇಶಗಳಲ್ಲಿ ಬಹಳ ಹಾನಿಯಾದರೂ ಅದರ ರಕ್ಷಣೆಯಲ್ಲಿದ್ದ ಊರಿನಲ್ಲಿ ಪ್ರಾಣಹಾನಿಯು ಅತ್ಯಲ್ಪ. ಆದರೆ ಹೋದ ವೈಭವವು ಹಿಂದಿರುಗಲಿಲ್ಲ. 1914ರಲ್ಲಿ ಹಡಗುಗಾಲುವೆಯು ತೆರೆದಮೇಲೆ ವ್ಯಾಪಾರವು ಒಳನಾಡಿನ ಹ್ಯೂಸ್ಟನ್ನಿಗೆ ಸರಿಯಿತು.

ಉಪ್ಪುನೀರೂ ಆಮೇಲೆ ತುಂಬಿದ ಮರಳೂ ಊರಿನ ಗಿಡಮರಗಳನ್ನೆಲ್ಲ ಕೊಂದಿದ್ದುವು. 1901ರಲ್ಲಿ ಅಲ್ಲಿನ ಸ್ತ್ರೀಯರು ಕಟ್ಟಿದ ಆರೋಗ್ಯರಕ್ಷಣಾ ಸಂಘವು ಈ ಬೋಳುನೆಲದಲ್ಲಿ ಓಕ್, ತಾಳೆ, ಕಣಗಿಲೆಗಳನ್ನು ನೆಡಿಸಿತು. ಆ ಓಕ್ ಮರಗಳು ನೂರು ವರ್ಷ ಬೆಳೆದು ಬೀದಿಗಳಿಗೆ ನೆರಳಾದುವು. 2008ರ ಸೆಪ್ಟೆಂಬರ್ 13ರಂದು ‘ಐಕ್’ ಎಂಬ ಚಂಡಮಾರುತವು ಬಂದಾಗ ಗೋಡೆಯು ಸಮುದ್ರದ ತೆರೆಯನ್ನು ತಡೆಯಿತು. ನೀರು ಹಿಂದುಗಡೆಯ ಒಳಗೊಲ್ಲಿಯಿಂದ ಏರಿಬಂದು ಊರನ್ನು ಹೊಕ್ಕಿತು. ಮನೆಗಳಲ್ಲಿ ನಿಂತ ನೀರು ಇಳಿದುಹೋಯಿತು, ನೆಲದಲ್ಲಿ ಇಳಿದ ಉಪ್ಪು ಹೋಗಲಿಲ್ಲ. ಸುಮಾರು 40,000 ಮರಗಳು ಒಣಗಿದುವು. ಕೆಲವು ಮನೆಗಳವರು ತಮ್ಮ ಅಂಗಳದ ಸತ್ತ ಓಕ್ ಬೊಡ್ಡೆಗಳನ್ನು ಕಡಿಸಿಹಾಕದೆ ಶಿಲ್ಪಿಗಳಿಂದ ಹಕ್ಕಿ, ಮೀನು, ದೇವದೂತರ ಆಕೃತಿಗಳಾಗಿ ಕೆತ್ತಿಸಿ ಅಲ್ಲಿಯೇ ನಿಲ್ಲಿಸಿಕೊಂಡರು.