ಟೈಮ್‌ಔಟ್‌ನ ಮೂಲ ಜಾಲದಲ್ಲಿ ಇಲ್ಲದಿದ್ದಾಗ: 2021ರ ಓಪನ್‌ಎಎಫ್‌ಎಸ್ ದೋಷದ ಕುರಿತು ಒಂದು ಟಿಪ್ಪಣಿ

ಹಂಚಿಕೆಯ ಫೈಲ್ ವ್ಯವಸ್ಥೆಯಲ್ಲಿ ಸಂಪರ್ಕ ಟೈಮ್‌ಔಟ್ ಆದಾಗ ನಮ್ಮ ಸಂಶಯ ಮೊದಲು ಹೋಗುವುದು ಕೇಬಲ್, ಸ್ವಿಚ್, ಫೈರ್‌ವಾಲ್‌ಗಳ ಕಡೆಗೆ. ಆದರೆ ಟೈಮ್‌ಔಟ್ ಹೇಳುವುದು ಒಂದೇ ಮಾತು: ನಿಗದಿತ ಅವಧಿಯೊಳಗೆ ಒಪ್ಪುವಂಥ ಉತ್ತರ ಬರಲಿಲ್ಲ. ಉತ್ತರ ಏಕೆ ಬರಲಿಲ್ಲ ಎಂಬುದನ್ನು ಅದು ಹೇಳುವುದಿಲ್ಲ. ಈ ವ್ಯತ್ಯಾಸಕ್ಕೆ ಎಷ್ಟು ಬೆಲೆಯಿದೆ ಎಂಬುದನ್ನು ಓಪನ್‌ಎಎಫ್‌ಎಸ್ ಎಂಬ ಇಂಥ ಒಂದು ವ್ಯವಸ್ಥೆಯ ಪ್ರಸಂಗ ತೋರಿಸುತ್ತದೆ.

ಅದರ ಮೂಲವಾದ ಎಎಫ್‌ಎಸ್ ರೂಪುಗೊಂಡದ್ದು 1980ರ ದಶಕದಲ್ಲಿ, ಅಮೆರಿಕದ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯ ಐಬಿಎಂ ಜೊತೆಗೂಡಿ ನಡೆಸಿದ ಆಂಡ್ರ್ಯೂ ಯೋಜನೆಯಲ್ಲಿ. 2000ದಲ್ಲಿ ಐಬಿಎಂ ಅದರ ಮೂಲಸಂಕೇತವನ್ನು ಬಿಡುಗಡೆ ಮಾಡಿದ ಮೇಲೆ ಓಪನ್‌ಎಎಫ್‌ಎಸ್ ಬೆಳೆಯಿತು. ಅದರ ಮಾತುಕತೆಯೆಲ್ಲ ಯುಡಿಪಿ ಮೇಲೆ ಸಾಗುವ ಆರ್‌ಎಕ್ಸ್ ಎಂಬ ಪ್ರೋಟೋಕಾಲ್‌ನಲ್ಲಿ. ಫೈಲ್ ಸರ್ವರ್‌ಗೆ 7000, ಕ್ಲೈಂಟ್‌ಗೆ 7001, ವಾಲ್ಯೂಮ್ ಎಲ್ಲಿದೆಯೆಂದು ತಿಳಿಸುವ ಸರ್ವರ್‌ಗೆ 7003ನೇ ಪೋರ್ಟ್. ಪ್ರತಿ ಸಂಪರ್ಕಕ್ಕೂ 32 ಬಿಟ್‌ಗಳ ಗುರುತಿನ ಸಂಖ್ಯೆ ಇರುತ್ತದೆ. ಅದರ ಕೊನೆಯ ಎರಡು ಬಿಟ್‌ಗಳು ಆ ಸಂಪರ್ಕದ ನಾಲ್ಕು ಚಾನೆಲ್‌ಗಳಿಗೆ ಮೀಸಲು.

2018ರಲ್ಲಿ ಬಂದ 1.8 ಸರಣಿಯಲ್ಲಿ ಈ ಸಂಖ್ಯೆಯ ಆರಂಭದ ಮೌಲ್ಯ ಯಾದೃಚ್ಛಿಕವಾಗಿರಬೇಕು ಎಂಬುದು ಉದ್ದೇಶವಾಗಿತ್ತು. ಆದರೆ ಹಾಗೆ ಪಡೆದ ಮೌಲ್ಯದ ಮೇಲೆಯೇ ಗಡಿಯಾರದಿಂದ ಬಂದ ಮೌಲ್ಯ ಕೂರುತ್ತಿತ್ತು. ಎರಡು ಬಿಟ್ ಎಡಕ್ಕೆ ಸರಿಸಿದ ಯುನಿಕ್ಸ್ ಸಮಯವೇ ಆ ಮೌಲ್ಯದ ಆಧಾರ. 2021ರ ಜನವರಿ 14ರಂದು, ಭಾರತೀಯ ಕಾಲಮಾನ ಮಧ್ಯಾಹ್ನ 1:55:36ಕ್ಕೆ, ಯುನಿಕ್ಸ್ ಸಮಯ 1,61,06,12,736 ಸೆಕೆಂಡ್ ತಲುಪಿತು; ಹೆಕ್ಸಾಡೆಸಿಮಲ್‌ನಲ್ಲಿ ಅದು 60000000. ಅದನ್ನು ಎಡಕ್ಕೆ ಸರಿಸಿದಾಗ ಸಂಖ್ಯೆಯ ಅತ್ಯುನ್ನತ ಬಿಟ್ 1 ಆಯಿತು. ಸಂಖ್ಯೆ ಮಿತಿ ಮೀರಿದಾಗ ಸರಿಪಡಿಸಬೇಕಿದ್ದ ಸಂಕೇತದಲ್ಲೂ ದೋಷವಿದ್ದುದರಿಂದ ಪ್ರತಿ ಹೊಸ ಸಂಪರ್ಕಕ್ಕೂ 80000002 ಎಂಬ ಒಂದೇ ಹೆಕ್ಸಾಡೆಸಿಮಲ್ ಸಂಖ್ಯೆ ಸಿಗತೊಡಗಿತು. ಕೊನೆಯ ಎರಡು ಬಿಟ್‌ಗಳು ಸೊನ್ನೆಯಾಗಿರಬೇಕಾದ ಜಾಗದಲ್ಲಿ 10 ಬಂದು ಕೂತಿತ್ತು. ಅಂಥ ಸಂಪರ್ಕ ನಡೆಯುವಂತಿರಲಿಲ್ಲ.

ರೋಗನಿರ್ಣಯವನ್ನು ಕಠಿಣಗೊಳಿಸಿದ ಅಂಶ ಮತ್ತೊಂದು. ಸಂಖ್ಯೆಯ ಆರಂಭ ನಿಗದಿಯಾಗುವುದು ಆರ್‌ಎಕ್ಸ್ ಚಾಲೂ ಆಗುವ ಕ್ಷಣದಲ್ಲಿ. ಹೀಗಾಗಿ ಜನವರಿ 14ರ ಆ ಗಳಿಗೆಗೂ ಮುಂಚೆ ಚಾಲೂ ಆಗಿದ್ದ ಯಂತ್ರಗಳು ಎಂದಿನಂತೆ ಕೆಲಸ ಮಾಡುತ್ತಲೇ ಇದ್ದವು. ಆಮೇಲೆ ರೀಸ್ಟಾರ್ಟ್ ಆದ 1.8.0ರಿಂದ 1.8.6ರವರೆಗಿನ ಆವೃತ್ತಿಗಳು ನಿಂತವು. ಫೈಲ್ ಸರ್ವರ್ ಕೂಡ ಬೇರೆ ಸರ್ವರ್‌ಗಳಿಗೂ ಕ್ಲೈಂಟ್‌ಗಳಿಗೂ ತಾನಾಗಿಯೇ ಸಂಪರ್ಕ ತೆರೆಯುತ್ತದೆ. ಆದ್ದರಿಂದ 'ಒಮ್ಮೆ ರೀಸ್ಟಾರ್ಟ್ ಮಾಡಿ ನೋಡಿ' ಎಂಬ ರೂಢಿಯ ಚಿಕಿತ್ಸೆಯೇ ಆರೋಗ್ಯವಾಗಿದ್ದ ಯಂತ್ರಕ್ಕೆ ರೋಗ ತಗುಲಿಸುವಂತಿತ್ತು.

ಇಂಥ ಸಂದರ್ಭದಲ್ಲಿ ಆರ್‌ಎಕ್ಸ್‌ಡೀಬಗ್ ಎಂಬ ಉಪಕರಣದ ಉತ್ತರವನ್ನು ಎಚ್ಚರದಿಂದ ಓದಬೇಕು. ಅದು ಸಾಮಾನ್ಯ ಆರ್‌ಎಕ್ಸ್ ಸಂಪರ್ಕ ತೆರೆಯದೆ ತನ್ನದೇ ಡೀಬಗ್ ಪ್ಯಾಕೆಟ್ ಕಳಿಸುತ್ತದೆ. ಅದಕ್ಕೆ ಸರ್ವರ್ ಉತ್ತರಿಸಿದರೆ ಯುಡಿಪಿ ದಾರಿ ತೆರೆದಿದೆ ಎಂದಷ್ಟೇ ಅರ್ಥ. ಅದು ಉತ್ತರ ತಂದರೂ ಫೈಲ್ ಓದುವ ಯತ್ನ ಟೈಮ್‌ಔಟ್ ಆದರೆ ಸಂಶಯ ಜಾಲದಿಂದ ಸಂಪರ್ಕ ಸ್ಥಾಪನೆಯ ಹಂತಕ್ಕೆ ಸರಿಯಬೇಕು. ಮುಂದಿನ ಸಾಕ್ಷ್ಯ ಪ್ಯಾಕೆಟ್‌ಗಳನ್ನು ಸೆರೆಹಿಡಿಯುವ ಟಿಸಿಪಿಡಂಪ್‌ನದು: ಬೇರೆ ಬೇರೆ ಯಂತ್ರಗಳಿಂದ ಹೊರಟ ಪ್ಯಾಕೆಟ್‌ಗಳಲ್ಲಿ ಒಂದೇ ಸಂಪರ್ಕ ಸಂಖ್ಯೆ ಕಂಡರೆ ದೋಷ ಎಲ್ಲಿದೆಯೆಂಬುದು ಸ್ಪಷ್ಟ. 1.8.7ನೇ ಆವೃತ್ತಿ ಈ ದೋಷವನ್ನು ಸರಿಪಡಿಸಿತು.

ಈ ಪ್ರಸಂಗದಿಂದ ಹೊರಡುವ ವಿಧಾನ ಇಷ್ಟು. ಟೈಮ್‌ಔಟ್ ಕಂಡ ಯಂತ್ರವನ್ನೂ ಕಾಣದ ಯಂತ್ರವನ್ನೂ ಪಕ್ಕಪಕ್ಕ ಇಟ್ಟು ಮೂರು ವಿವರ ಬರೆದುಕೊಳ್ಳಬೇಕು: ತಂತ್ರಾಂಶದ ಆವೃತ್ತಿ, ಅದು ಚಾಲೂ ಆದ ಸಮಯ, ಸರ್ವರ್‌ಗೆ ಹೋಗುವ ದಾರಿ. ಜಾಲದ ದೋಷವಾದರೆ ವ್ಯತ್ಯಾಸ ಸಾಮಾನ್ಯವಾಗಿ ಮೂರನೆಯದರಲ್ಲಿ ಕಾಣುತ್ತದೆ. ಇಲ್ಲಿ ಅದು ಮೊದಲ ಎರಡರಲ್ಲಿತ್ತು. ಕೆಲಸ ಮಾಡುತ್ತಿರುವ ಯಂತ್ರವೂ ಸಾಕ್ಷ್ಯವೇ. ಆ ಪಟ್ಟಿ ಸಿದ್ಧವಾಗುವವರೆಗೆ ಅದನ್ನು ಯಾರೂ ರೀಸ್ಟಾರ್ಟ್ ಮಾಡಬಾರದು.