ಕಾಮಾಲೆ ತೊಳೆದ ನೀರು

ಗೋರಾ ಮತ್ತು ಸರಸ್ವತಿ ಗೋರಾ ದಂಪತಿ 1940ರಲ್ಲಿ ಕೃಷ್ಣಾ ಜಿಲ್ಲೆಯ ಮುದುನೂರಿನಲ್ಲಿ ನಾಸ್ತಿಕ ಕೇಂದ್ರ ಕಟ್ಟಿದರು. 1947ರಲ್ಲಿ ಅದು ವಿಜಯವಾಡಕ್ಕೆ ಬಂತು. ಪವಾಡದ ಗುಟ್ಟನ್ನು ಜನರೆದುರೇ ಬಿಚ್ಚಿ ತೋರಿಸುವ ಪರಿಪಾಠ ಆಂಧ್ರದಲ್ಲಿ ಬೇರೂರಿದ್ದು ಇಂಥವರಿಂದ. ನಮ್ಮ ಗೌರಿಬಿದನೂರು ಸೀಮೆಯ ಎಚ್. ನರಸಿಂಹಯ್ಯನವರು ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾಗಿದ್ದಾಗ, 1976ರಲ್ಲಿ, ಪವಾಡಗಳ ಪರಿಶೀಲನೆಗೆ ಸಮಿತಿಯನ್ನೇ ಮಾಡಿದರು. 1988ರಲ್ಲಿ ಹುಟ್ಟಿದ ಜನ ವಿಜ್ಞಾನ ವೇದಿಕೆ ಮಕ್ಕಳಿಗಾಗಿ ತೆಲುಗಿನಲ್ಲಿ ‘ಚೆಕುಮುಕಿ’ ಪತ್ರಿಕೆ ತಂದಿತು.

ಅವರೆಲ್ಲರ ದಾರಿಯಲ್ಲೇ, ಗಾಜುವಾಕದ ನಮ್ಮ ಶಾಲೆಯ ಐದನೇ ತರಗತಿಗೆ ನಾನು, ಕೈ ತಿಕ್ಕಿ ಹಳದಿ ನೀರು ಬರಿಸಿ ರೋಗ ಇಳಿಯಿತೆನ್ನುವ ‘ಕಾಮಾಲೆ ತೊಳೆಯುವುದನ್ನು’ ಮಾಡಿ ತೋರಿಸುತ್ತೇನೆ. ಮಾವಿನ ತೊಗಟೆ ಜಜ್ಜಿ, ಅದರ ರಸವನ್ನು ಅಂಗೈಗೆ ಸವರಿ ಒಣಗಿಸಿಕೊಂಡಿರುತ್ತೇನೆ. ಹುಡುಗನೊಬ್ಬನ ಕೈಯನ್ನು ಸುಣ್ಣದ ತಿಳಿನೀರಿನಲ್ಲಿ ತಿಕ್ಕಿದರೆ ಬಟ್ಟಲಿನ ನೀರೆಲ್ಲ ಹಳದಿ! ಅವನಿಗೆ ಕಾಮಾಲೆಯೇ ಇಲ್ಲ ಎಂದಾಗ ಮಕ್ಕಳು ಹೋ ಎನ್ನುತ್ತಾರೆ.

ಆದರೆ ಒಬ್ಬ ಹುಡುಗಿ ಎದ್ದು ಕೇಳಿದಳು: “ನಮ್ಮ ತಾತನಿಗೂ ಹೀಗೇ ತೊಳೆಸಿದ್ರು ಟೀಚರ್, ವಾಸಿ ಆಯ್ತಲ್ಲ?”

ಗುಟ್ಟು ಬಯಲಾದರೂ ಈ ಪ್ರಶ್ನೆಗೆ ಉತ್ತರ ಸಿಗುವುದಿಲ್ಲ. ಕೆಟ್ಟ ನೀರಿನಿಂದ ಬರುವ ಹೆಪಟೈಟಿಸ್ ಎ ಕಾಮಾಲೆ ಬಹುಪಾಲು ಜನರಲ್ಲಿ ಕೆಲವು ವಾರಗಳಲ್ಲಿ ತಾನಾಗಿಯೇ ಇಳಿಯುತ್ತದೆ. ಹೆಸರು ಮಾತ್ರ ತೊಳೆದವನಿಗೆ, ಸೊಪ್ಪಿನ ರಸ ಕೊಟ್ಟವನಿಗೆ. ಏನೂ ಮಾಡಿಸದೆ ಸುಮ್ಮನಿದ್ದವರು ಏನಾದರು? ಮಗು ಕೇಳಬೇಕಾದದ್ದು ಇದನ್ನು. 2021ರ ಮೇ ತಿಂಗಳಲ್ಲಿ ಕೋವಿಡ್ ಮದ್ದಿಗಾಗಿ ನೆಲ್ಲೂರು ಜಿಲ್ಲೆಯ ಕೃಷ್ಣಪಟ್ಣಂಗೆ ಜನ ಮುಗಿಬಿದ್ದಾಗ, ವಾಸಿಯಾದವರ ಮಾತು ಊರೂರಿಗೂ ಮುಟ್ಟಿತು. ಮದ್ದು ಮುಟ್ಟದೆಯೇ ಕೋವಿಡ್‌ನಿಂದ ಎದ್ದು ಬಂದವರನ್ನು ಅದರ ಪಕ್ಕ ಇಟ್ಟು ನೋಡಿದವರು ವಿರಳ.

ಹೀಗೆ ಹೋಲಿಸಿ ನೋಡುವುದನ್ನು ಎಳೆಯರಿಗೆ ಕಲಿಸಬಹುದೇ? 2016ರಲ್ಲಿ ಉಗಾಂಡದ 120 ಪ್ರಾಥಮಿಕ ಶಾಲೆಗಳಲ್ಲಿ ಪರೀಕ್ಷಿಸಿದ್ದಾರೆ. ಹತ್ತು ಸಾವಿರಕ್ಕೂ ಮಿಕ್ಕಿದ ಮಕ್ಕಳು. ಚೀಟಿ ಎತ್ತಿದ ಹಾಗೆ ಆರಿಸಿದ ಅರ್ಧ ಶಾಲೆಗಳಿಗೆ ಚಿತ್ರಕಥೆಯ ಪುಸ್ತಕ ಮತ್ತು ಒಂಬತ್ತು ಪಾಠ, ಉಳಿದವಕ್ಕೆ ಎಂದಿನ ಪಾಠ ಮಾತ್ರ. ಚಿಕಿತ್ಸೆಯ ಮಾತುಗಳನ್ನು ತೂಗಿ ನೋಡುವ ಪರೀಕ್ಷೆಯಲ್ಲಿ ಪಾಠ ಕೇಳಿದವರು ಶೇ. 69 ಪಾಸು, ಕೇಳದವರು ಶೇ. 27. ಅಂದರೆ ಆ ಪಾಠವನ್ನೂ ಹೋಲಿಸಿಯೇ ನೋಡಿದರು. ನನಗೆ ಹಿಡಿಸಿದ್ದು ಅದೇ.

ಆಂಧ್ರ, ಕರ್ನಾಟಕ ಎರಡೂ ಕಡೆಯ ಪಠ್ಯಪುಸ್ತಕ ಸಮಿತಿಗಳಲ್ಲಿ ನನ್ನ ಬೇಡಿಕೆ ಇಷ್ಟೆ: ಐದನೇ ತರಗತಿಯಲ್ಲಿ ಹೀಗೆ ಹೋಲಿಸಿ ನೋಡುವುದಕ್ಕೊಂದು ಪಾಠ ಇಡಿ.